ಮಳೆಗಾಲದಲ್ಲಿ ನಮ್ಮನೆ ಡಿಶ್: ನನ್ನ ಅನುಭವ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಕೇಬಲ್ ಇಲ್ಲಿಗೆ ಬಂದಿಲ್ಲ. ಟಿವಿ ಅಂದರೆ ಡಿಶ್ ಒಂದೇ. ಅತ್ತೆಗೆ ಮಂಡಿನೋವು. ಮಳೆ ಹಿಡಿದರೆ ಮೂರು ತಿಂಗಳು ಜಗಲಿ ಇಳಿಯುವುದಿಲ್ಲ. ಸಂಜೆಯ ವಾರ್ತೆ, ಆಮೇಲೆ ಎರಡು ಧಾರಾವಾಹಿ, ಅಷ್ಟೇ ಅವರಿಗೆ ಹೊರಗಿನ ಪ್ರಪಂಚ. ಅದೂ ನಿಂತರೆ ನೋಡಲಿಕ್ಕಾಗುವುದಿಲ್ಲ.

ಎರಡು ವರ್ಷದ ಹಿಂದೆ ಜೂನ್ ಕೊನೆಗೆ ಶುರುವಾಯಿತು. ಚಿತ್ರ ಚೌಕ ಚೌಕವಾಗಿ ಒಡೆಯುವುದು, ಆಮೇಲೆ "ಸಿಗ್ನಲ್ ಇಲ್ಲ" ಎಂದು ಬರುವುದು. "ಎಂತದೇ ಇದು, ಮತ್ತೆ ಹೋಯ್ತಲ್ಲ" ಎಂದು ಅತ್ತೆ ಕರೆಯುವುದು. ನಾನು ಕೊಡೆ ಹಿಡಿದು ದಣಪೆವರೆಗೆ, ಅಂದರೆ ಬೇಲಿಯ ಗೇಟಿನವರೆಗೆ, ಓಡುವುದು. ಯಾಕಂದರೆ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಕಸ್ಟಮರ್ ಕೇರ್‌ನಲ್ಲಿ ಕನ್ನಡ ಒತ್ತಿ, ಹತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಮಾತಾಡುತ್ತಾಳೆ. "ಮೇಡಂ, ಬಾಕ್ಸ್ ಆಫ್ ಮಾಡಿ ಆನ್ ಮಾಡಿ, ಪರದೆ ಮೇಲೆ ಏನು ಬರ್ತಿದೆ ಹೇಳಿ." ಬಾಕ್ಸ್ ಮನೆಯಲ್ಲಿ, ನಾನು ದಣಪೆಯಲ್ಲಿ! ಓಡಿ ಹೋಗಿ ನೋಡಿ ಬರುವಷ್ಟರಲ್ಲಿ ಫೋನ್ ಕಟ್. ಮತ್ತೆ ಮಾಡಿದರೆ ಬೇರೆಯವರು, ಮತ್ತೆ ಮೊದಲಿಂದ ಕಥೆ.

ಮೂರನೇ ಸಲ "ನಿಮ್ಮ ಬಾಕ್ಸ್ ಹಳೆಯದು, ಹೊಸದು ಹಾಕಿಸಿ" ಎಂದರು. ಹಾಕಿಸಿದರೆ ಸಾವಿರದ ಮೇಲೆ ಖರ್ಚು. ಅದಾದ ಮರುದಿನ "ನಿಮ್ಮ ದೂರು ಬಗೆಹರಿದಿದೆ" ಎಂದು ಮೆಸೇಜು. ಮನೆಗೆ ಯಾರೂ ಬಂದೇ ಇರಲಿಲ್ಲ. ಆ ದಿನ ನನಗೆ ನಿಜವಾಗಿ ಸಿಟ್ಟು ಬಂತು. ಫೋನ್ ಎತ್ತಿದ ಹುಡುಗಿಯ ಮೇಲಲ್ಲ. ಬಗೆಹರಿಯದ ದೂರನ್ನು ಬಗೆಹರಿದಿದೆ ಎಂದು ಬರೆದುಕೊಳ್ಳುವ ಪದ್ಧತಿಯ ಮೇಲೆ.

ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ನೋಡುವ ಜಾಗ ಇರುತ್ತದೆ. ಅಲ್ಲಿ ಎರಡು ಪಟ್ಟಿ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂತ್ ಇದ್ದರೂ ಚಿತ್ರ ಹೋಗಬಹುದು. ಚಿತ್ರ ಉಳಿಯುವುದು ಕ್ವಾಲಿಟಿ ಮೇಲೆ. ನಮ್ಮ ಬಾಕ್ಸ್‌ನಲ್ಲಿ 60ರ ಮೇಲಿದ್ದರೆ ಚೆನ್ನ, 40ಕ್ಕಿಂತ ಕೆಳಗೆ ಇಳಿದರೆ ಕಥೆ ಮುಗಿಯಿತು. ಟಿವಿ ಪಕ್ಕದ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಆಳುಗಳ ಸಂಬಳದ ಲೆಕ್ಕ ಬರೆಯುತ್ತಿದ್ದೆ. ಅದರ ಪಕ್ಕದಲ್ಲೇ ದಿನಕ್ಕೆ ಮೂರು ಸಲ ಈ ಅಂಕೆ ಬರೆಯತೊಡಗಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಹತ್ತು ದಿನಕ್ಕೆ ಒಂದು ವಿಷಯ ಕಣ್ಣಿಗೆ ಬಿತ್ತು. ಜುಲೈ 9ರ ಚೌಕದಲ್ಲಿ 38, 66, 41. ಆ ಬೆಳಿಗ್ಗೆ ಮಳೆಯೇ ಇರಲಿಲ್ಲ, ಮರದಿಂದ ಹನಿ ಬೀಳುತ್ತಿತ್ತು ಅಷ್ಟೇ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದಾಗ ಏರಿದೆ. ಸಂಜೆ ಒಂದು ಸಣ್ಣ ಮಳೆ ಬಂದು ಹೋದ ಮೇಲೆ ಮತ್ತೆ ಇಳಿದಿದೆ. ಜೋರು ಮಳೆಗೆ ಸಿಗ್ನಲ್ ಹೋಗುವುದು ಎಲ್ಲರಿಗೂ ಗೊತ್ತು. ಡಿಟಿಎಚ್, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಬರುವ ಸಿಗ್ನಲ್, ಬರುವುದು ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಯಲ್ಲಿ. ಆ ಅಲೆಯನ್ನು ಮಳೆಹನಿ ಹೀರಿಕೊಳ್ಳುತ್ತದೆ, ಚದುರಿಸುತ್ತದೆ. ದಟ್ಟ ಮೋಡ ದಾಟಿದರೆ ತಾನಾಗೇ ಬರುತ್ತದೆ, ಅದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಆದರೆ ಮಳೆ ನಿಂತ ಮೇಲೂ ಬರದಿದ್ದರೆ, ಎಲೆ ಒಣಗಿದಾಗ ಮಾತ್ರ ಬಂದರೆ? ಬಾಕ್ಸ್ ಹಾಳಾಗಿದ್ದರೆ ಅದು ಬಿಸಿಲು ನೋಡಿ ಸರಿಯಾಗುವುದಿಲ್ಲ ಅಲ್ವಾ.

ಈ ಸಲ ದಣಪೆಗೆ ಹೋಗುವ ಮೊದಲು ಕ್ಯಾಲೆಂಡರನ್ನೇ ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಹಳೆಯ ದೂರುಗಳ ನಂಬರು, ತಾರೀಕು, ಅಂಕೆಗಳನ್ನು ಓದಿ ಹೇಳಿದೆ. "ಬಾಕ್ಸ್ ಬದಲಾಯಿಸುವುದಿಲ್ಲ, ಡಿಶ್ ನೋಡುವವರನ್ನು ಕಳಿಸಿ. ಇಲ್ಲದಿದ್ದರೆ ನೋಡಲ್ ಅಧಿಕಾರಿಯ ವಿವರ ಕೊಡಿ" ಎಂದೆ. ಟ್ರಾಯ್‌ನ, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, 2017ರ ನಿಯಮದ ಪ್ರಕಾರ ಬಗೆಹರಿಯದ ದೂರು ನೋಡಲು ಪ್ರತಿ ಕಂಪನಿಯೂ ಅಂಥ ಅಧಿಕಾರಿಯನ್ನು ಇಟ್ಟಿರಬೇಕು, ಪ್ರತಿ ದೂರಿಗೂ ನಂಬರು ಕೊಡಬೇಕು. ಅಲ್ಲೂ ಆಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಮೂರನೇ ದಿನ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಜರ್ಕಿನ್ ಒಳಗೂ ಪೂರ್ತಿ ಒದ್ದೆ. ಬಿಸಿ ಕಾಫಿ ಕೊಟ್ಟು ಕ್ಯಾಲೆಂಡರ್ ತೋರಿಸಿದೆ. ಅವನು ಅದನ್ನು ನೋಡಿ ಸೀದಾ ಅಂಗಳಕ್ಕೆ ಹೋಗಿ ಮೇಲೆ ನೋಡಿದ.

"ಅಕ್ಕ, ಡಿಶ್ ಎದುರಿಗೆ ನೋಡ್ತಿದೆ ಅಂತ ಅನ್ಸುತ್ತೆ. ಆದ್ರೆ ಅದು ನೋಡ್ತಿರೋದು ಅಲ್ಲಿ" ಎಂದು ಕೈ ಎತ್ತಿ ಸಿಲ್ವರ್ ಓಕ್ ತುದಿ ತೋರಿಸಿದ.

ಇದು ನನಗೆ ಗೊತ್ತೇ ಇರಲಿಲ್ಲ. ಮನೆಯ ಡಿಶ್‌ನಲ್ಲಿ ಎಲ್‌ಎನ್‌ಬಿ, ಅಂದರೆ ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ, ನಡುವೆ ಇರುವುದಿಲ್ಲ, ಕೆಳಗಡೆಯಿಂದ ಚಾಚಿಕೊಂಡಿರುತ್ತದೆ. ಹಾಗಾಗಿ ಡಿಶ್ ಮುಖ ಮಾಡಿದಂತೆ ಕಾಣುವ ದಿಕ್ಕಿಗಿಂತ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಮೇಲಿನಿಂದ ಸಿಗ್ನಲ್ ಬಂದು ಬೀಳುತ್ತದೆ. ಉಪಗ್ರಹ ಇರುವುದು ಸಮಭಾಜಕ ರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಕಂಪನಿಯದ್ದು ಇಲ್ಲಿಂದ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 60 ಡಿಗ್ರಿ ಮೇಲೆ. ಕಂಪನಿ ಬೇರೆಯಾದರೆ ಇದೂ ಬೇರೆ. ಡಿಶ್ ಹಾಕಿಸಿದಾಗ ಆ ಸಿಲ್ವರ್ ಓಕ್ ಸಣ್ಣದಿತ್ತು. ಕಾಳುಮೆಣಸು ಹಬ್ಬಿಸಿಕೊಂಡು ಈಗ ಮನೆ ಮಾಡಿಗಿಂತ ಎಷ್ಟೋ ಮೇಲೆ ಹೋಗಿದೆ. ಅದರ ಒದ್ದೆ ಎಲೆಗಳೇ ಸಿಗ್ನಲ್‌ಗೆ ಅಡ್ಡ. ಎದುರಿನ ಹಲಸಿನ ಕೊಂಬೆ ಅಡ್ಡ ಇರಬಹುದು ಎಂದು ನಾವು ಅದನ್ನು ಸುಮ್ನೆ ಕಡಿಸಿದ್ದೆವು. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮೆಣಸಿನ ಬಳ್ಳಿ ಇರುವ ಮರ ಕಡಿಯುವ ಮಾತೇ ಇಲ್ಲ. ಹಂಚಿನ ಮಾಡಿನಿಂದ ಡಿಶ್ ಇಳಿಸಿ ಬಚ್ಚಲುಮನೆಯ ತಾರಸಿಗೆ ತಂದೆವು. ಅವನು ಹೇಳಿಕೊಟ್ಟ ಲೆಕ್ಕ ಇದು: ಡಿಶ್‌ಗಿಂತ 40 ಅಡಿ ಮೇಲಕ್ಕೆ ಹೋದ ಮರವಿದ್ದರೆ ಕನಿಷ್ಠ 25 ಅಡಿ ದೂರ ಇರಬೇಕು. ಮಗಳು ಒಳಗಿಂದ ಅಂಕೆ ಕೂಗಿದಳು. ಡಿಶ್ ಒಂದು ಕೂದಲೆಳೆ ಸರಿಸಿ, ನಿಂತು, ಎರಡು ಮೂರು ಸೆಕೆಂಡ್ ಕಾಯಬೇಕು. ಪಟ್ಟಿ ತಡವಾಗಿ ಏರುತ್ತದೆ. ಅವಸರ ಮಾಡಿದರೆ ಸರಿಯಾದ ಜಾಗ ದಾಟಿಯೇ ಹೋಗುತ್ತದೆ.

ಹಳೆ ವೈರಿನ ತುದಿ ಬಿಚ್ಚಿದಾಗ ಒಳಗೆ ಕಿಲುಬು ಹಸಿರಾಗಿ ಕಟ್ಟಿತ್ತು. ಹಿಂಡಿದರೆ ನೀರು. ಒಂದಡಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ. ಎಲ್‌ಎನ್‌ಬಿ ಕೆಳಗೆ ವೈರನ್ನು ಒಂದು ಸುತ್ತು ಜೋಲುಬಿಟ್ಟ, ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಈಗ ಪ್ರತಿ ಮೇ ತಿಂಗಳಲ್ಲಿ ನಾನೇ ತಾರಸಿ ಹತ್ತಿ ಆ ತುದಿ ನೋಡುತ್ತೇನೆ. ಬಾಕ್ಸ್‌ನ ಕರೆಂಟ್ ತೆಗೆದ ಮೇಲೆಯೇ ಮುಟ್ಟುತ್ತೇನೆ. ಗುಡುಗು ಶುರುವಾದರೆ ಅದರ ಹತ್ತಿರ ಹೋಗುವುದಿಲ್ಲ. ಸಿಡಿಲಿನ ಕಾಲದಲ್ಲಿ ಪ್ಲಗ್ ಕಿತ್ತರೆ ಸಾಲದು, ಡಿಶ್ ವೈರನ್ನೂ ಮೊದಲೇ ಬಾಕ್ಸ್‌ನಿಂದ ಬಿಚ್ಚಿಡಬೇಕು.

ಜೋರು ಮಳೆಗೆ ಈಗಲೂ ಹತ್ತು ನಿಮಿಷ ಹೋಗುತ್ತದೆ. ಅತ್ತೆ ಈಗ ನನ್ನನ್ನು ಕರೆಯುವುದಿಲ್ಲ. ತಾವೇ ರಿಮೋಟ್ ಒತ್ತಿ, "ಐವತ್ತಕ್ಕೆ ಬಂತು ಕಣೇ, ಇನ್ನೇನು ಬರ್ತದೆ" ಎನ್ನುತ್ತಾ ಕಾಯುತ್ತಾರೆ.