ವಿದೇಶಿ ಸೊಸೆಯ ವೀಸಾ ಕಾಗದ: ಏಜೆಂಟ್ ಬೇಕಾ, ಬೇಡವಾ?

ಹಾಸನದ ಕೋರ್ಟ್ ಹತ್ತಿರ ನಮ್ಮದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಒಂದು ಜೋಡಿ ಬಂದಿತ್ತು. ಹುಡುಗ ನಮ್ಮೂರ ಕಡೆಯವನೇ, ಹುಡುಗಿ ಹೊರದೇಶದವಳು. ವೀಸಾ ಕೆಲಸಕ್ಕೆ ಏಜೆಂಟ್ ಒಬ್ಬನಿಗೆ 35,000 ರೂಪಾಯಿ ಕೊಟ್ಟಿದ್ದರು. ಅರ್ಜಿ ಏನಾಯಿತು ಅಂತ ನಾನೇ ಕೂತು ನೋಡಿದೆ. ಕಚೇರಿಯವರು ಎರಡು ಸಲ ಕಾಗದ ಕೇಳಿದ್ದರು. ಉತ್ತರ ಬಂದಿಲ್ಲವೆಂದು ಅರ್ಜಿ ಮುಚ್ಚಿದ್ದರು. ಅರ್ಜಿಯಲ್ಲಿ ಇದ್ದದ್ದು ಏಜೆಂಟನ ಇಮೇಲ್, ಏಜೆಂಟನ ಮೊಬೈಲ್. ಆತ ನೋಡೇ ಇಲ್ಲ. ಇವರಿಗೆ ಗೊತ್ತೇ ಇಲ್ಲ.

ನನ್ನ ತಮ್ಮನ ಹೆಂಡತಿ ಫಿಲಿಪ್ಪೀನ್ಸ್‌ನವಳು. ಅವಳ ಕಾಗದವೆಲ್ಲ ಮನೆಯಲ್ಲೇ ಮಾಡಿಕೊಂಡೆವು. ಒಂದು ಕಡೆ ಮಾತ್ರ ವಕೀಲರಿಗೆ ದುಡ್ಡು ಕೊಟ್ಟೆವು, ಅದಕ್ಕೆ ಇವತ್ತಿಗೂ ಬೇಜಾರಿಲ್ಲ. ಹಾಗಾಗಿ ಏಜೆಂಟ್ ಬೇಕಾ ಅನ್ನುವ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಡಿ. ಕೆಳಗಿನ ಮೊದಲ ನಾಲ್ಕು ಹೆಜ್ಜೆ ಮುಗಿಸಿ, ಐದನೆಯದನ್ನು ಓದಿಕೊಂಡು, ಆಮೇಲೆ ಕೇಳಿಕೊಳ್ಳಿ.

ಒಂದು: ಕಾಗದ ಹರಡಿಕೊಂಡು ಕೂರಿ

ಊಟದ ಮೇಜಿನ ಮೇಲೆ ಇಬ್ಬರ ಪಾಸ್‌ಪೋರ್ಟ್, ಜನನ ಪತ್ರ, ಗಂಡನ ಆಧಾರ್, ಮನೆಯ ಕರೆಂಟ್ ಬಿಲ್, ಮದುವೆ ಆಗಿದ್ದರೆ ಅದರ ಪ್ರಮಾಣಪತ್ರ ಇಡಿ. ಒಂದು ಸಂಜೆಯ ಕೆಲಸ.

ಎರಡು: ಮದುವೆ ಯಾವ ಕಾಯ್ದೆಯಲ್ಲಿ?

ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಆ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ನಮ್ಮ ಹುಡುಗಿ ಕ್ಯಾಥೊಲಿಕ್. ಅಂಥವರಿಗೆ ಸರಿಯಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಧಾರೆ ಎರೆಯುವುದನ್ನು ಮನೆಯಲ್ಲಿ ಎಷ್ಟು ಜೋರಾಗಿ ಬೇಕಾದರೂ ಮಾಡಿಕೊಳ್ಳಿ, ಅದು ಬೇರೆ.

ಈ ಕಾಯ್ದೆಯ ಲೆಕ್ಕ ಹೀಗೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ಅರ್ಜಿ ಕೊಟ್ಟ ಮೇಲೆ 30 ದಿನ ನೋಟಿಸ್. ಯಾರೂ ತಕರಾರು ತೆಗೆಯದಿದ್ದರೆ ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿನಿಂದ. ಈಗ ಹುಡುಗಿ 30 ದಿನದ ಇ-ಟೂರಿಸ್ಟ್ ವೀಸಾದಲ್ಲಿ ಬಂದಿದ್ದಾಳೆ ಅನ್ನಿ. ಬಂದ ಮಾರನೇ ದಿನವೇ ನೋಟಿಸ್ ಕೊಟ್ಟರೂ ಮದುವೆಯ ದಿನಕ್ಕೆ ವೀಸಾ ಇರುವುದಿಲ್ಲ. ಅದನ್ನು ಮುಂದಕ್ಕೆ ಹಾಕಿಸಲೂ ಆಗದು. ಬರುವಾಗಲೇ ಒಂದು ವರ್ಷದ್ದು ತೆಗೆದುಕೊಂಡು ಬರಲಿ.

ಅವಳಿಗೆ ಬೇರೆ ಮದುವೆ ಆಗಿಲ್ಲ ಅನ್ನುವ ಪತ್ರ ಅವಳ ದೇಶದಿಂದ ಬೇಕು. ಫಿಲಿಪ್ಪೀನ್ಸ್‌ನಲ್ಲಿ ಅದಕ್ಕೆ ಸೆನೊಮಾರ್ ಅನ್ನುತ್ತಾರೆ. ಆ ಕಾಗದ ಅಸಲಿ ಅಂತ ಅವರ ಸರ್ಕಾರ ಹಾಕಿಕೊಡುವ ಅಪಾಸ್ಟಿಲ್ ಮುದ್ರೆಯೂ ಅಲ್ಲೇ ಬೀಳಬೇಕು. ಪರದೇಶದ ಕಾಗದಕ್ಕೆ ಇಲ್ಲೇ ಅಪಾಸ್ಟಿಲ್ ಮಾಡಿಸಿಕೊಡುತ್ತೇನೆ ಅನ್ನುವವನು ಸುಳ್ಳು ಹೇಳುತ್ತಿದ್ದಾನೆ. ಇನ್ನೊಂದು ಮಾತು. ಲ್ಯಾಮಿನೇಷನ್ ಮಾಡಿಸಬೇಡಿ. ಆ ಮೆಷಿನ್ ಇಟ್ಟುಕೊಂಡಿರುವ ನಾನೇ ಹೇಳುತ್ತಿದ್ದೇನೆ. ಪ್ಲಾಸ್ಟಿಕ್ ಮೇಲೆ ಮುದ್ರೆಯೂ ಕೂರಲ್ಲ, ಸ್ಟಿಕ್ಕರೂ ಕೂರಲ್ಲ.

ಮೂರು: ಹೆಸರು, ಹೆಸರು, ಹೆಸರು

ಜನ ಮುಗ್ಗರಿಸುವುದು ಇಲ್ಲೇ.

ನಮ್ಮ ಕಡೆ ಹೆಸರಿನ ಜೊತೆ ಊರಿನ ಅಕ್ಷರ, ಅಪ್ಪನ ಅಕ್ಷರ ಇರುತ್ತದಲ್ವಾ? ಅಂಕಪಟ್ಟಿಯಲ್ಲಿ ‘ರಮೇಶ ಎಚ್.ಕೆ.’, ಆಧಾರ್‌ನಲ್ಲಿ ಬರೀ ‘ರಮೇಶ’. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ‘ಹೊನ್ನೇನಹಳ್ಳಿ ಕೃಷ್ಣೇಗೌಡ ರಮೇಶ’. ಹಾಸನದವರಿಗೆ ಇದು ಒಬ್ಬನೇ ಆಸಾಮಿ. ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಮೂವರು.

ನನ್ನ ಸಲಹೆ ಇಷ್ಟೇ: ಪಾಸ್‌ಪೋರ್ಟನ್ನು ಅಳತೆಗೋಲು ಮಾಡಿಕೊಳ್ಳಿ. ಆಧಾರ್ ಅದಕ್ಕೆ ಸರಿಹೊಂದುವಂತೆ ತಿದ್ದಿಸಿ. ಅಂಕಪಟ್ಟಿ ತಿದ್ದಿಸುವ ಉಸಾಬರಿ ಬೇಡ, ಎರಡೂ ಹೆಸರು ನನ್ನದೇ ಅಂತ ಒಂದು ಅಫಿಡವಿಟ್ ಸಾಕು. ಆದರೆ ಮದುವೆ ಪ್ರಮಾಣಪತ್ರದಲ್ಲಿ ಮಾತ್ರ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಮುಂದಿನ ಎಲ್ಲ ಕಾಗದಕ್ಕೂ ಅದೇ ಬೇರು.

ನಮ್ಮ ಕತೆ ಕೇಳಿ. ಫಿಲಿಪ್ಪೀನ್ಸ್‌ನವರ ಹೆಸರಿನ ನಡುವೆ ತಾಯಿಯ ತವರಿನ ಮನೆತನದ ಹೆಸರು ಇರುತ್ತದೆ, ಕೊನೆಗೆ ತಂದೆಯ ಮನೆತನದ್ದು. ನೋಂದಣಿ ಕಚೇರಿಯೊಂದರಲ್ಲಿ ಟೈಪ್ ಮಾಡುತ್ತಿದ್ದ ಹುಡುಗ ನಡುವಿನ ಹೆಸರನ್ನು ತಂದೆಯ ಹೆಸರಿನ ಕಾಲಮ್ಮಿಗೆ ಹಾಕಿಬಿಟ್ಟ. ಪಾಪ, ಅವನ ಲೆಕ್ಕದಲ್ಲಿ ನಡುವೆ ಬರುವುದು ಅಪ್ಪನೇ. ಸಹಿಗೆ ಮುಂಚೆ ಕರಡು ಪ್ರತಿ ಕೈಗೆ ಬಂತು. ತಮ್ಮ ಪೆನ್ನು ತೆಗೆದಿದ್ದ. ಇವಳು ಬೆರಳಿಟ್ಟು ಓದಿ, ‘ಅಕ್ಕಾ, ಇದು ಅಪ್ಪ ಅಲ್ಲ, ಅಮ್ಮನ ಮನೆ’ ಅಂದಳು. ಆಗಲೇ ತಿದ್ದಿಸಿದೆವು. ಸಹಿಯಾದ ಮೇಲೆ ಆಗಿದ್ದರೆ ಎಷ್ಟು ಓಡಾಟವೋ! ಕರಡನ್ನು ಒಂದೊಂದೇ ಅಕ್ಷರ ಕಾಗುಣಿತ ಬಿಡಿಸಿದ ಹಾಗೆ ಓದಿ. ಹಿಂದೆ ಕ್ಯೂ ಇದ್ದರೆ ಇರಲಿ. ಹುಟ್ಟಿದ ತಾರೀಕಿನಲ್ಲಿ ದಿನ, ತಿಂಗಳು ಅದಲು ಬದಲಾಗಿದೆಯಾ ಅನ್ನುವುದನ್ನೂ ನೋಡಿ.

ಈ ಕೆಲಸವನ್ನು ಯಾವ ಏಜೆಂಟೂ ನಿಮಗಿಂತ ಚೆನ್ನಾಗಿ ಮಾಡಲ್ಲ. ಅವಳ ಅಮ್ಮನ ತವರು ಅವನಿಗೇನು ಗೊತ್ತು?

ನಾಲ್ಕು: ವಿಳಾಸ

ತೋಟದ ಮನೆಗಳಲ್ಲಿ ಕರೆಂಟ್ ಮೀಟರ್ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ಬಿಲ್ ಕಟ್ಟುತ್ತಿದ್ದರೆ ಯಾರೂ ಕೇಳಲ್ಲ, ನಾವೂ ಬದಲಿಸಲ್ಲ. ಈಗ ಬದಲಿಸಿ. ಹಾಗೇ ಪರದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ಫಾರಂ 3 (2025ರವರೆಗೆ ಇದಕ್ಕೆ ಸಿ ಫಾರಂ ಅನ್ನುತ್ತಿದ್ದರು) ತುಂಬಬೇಕು. ಸೊಸೆಯಾದರೇನು, ಅಳಿಯನಾದರೇನು. ತಿಳಿಯದಿದ್ದರೆ ಪಕ್ಕದ ಹೋಮ್‌ಸ್ಟೇಯವರನ್ನು ಕೇಳಿ. ಚಿಕ್ಕಮಗಳೂರು, ಸಕಲೇಶಪುರದಲ್ಲಿ ಹೊರದೇಶದ ಅತಿಥಿಗಳನ್ನು ಇಳಿಸಿಕೊಳ್ಳುವ ಹೋಮ್‌ಸ್ಟೇಯವರಿಗೆ ಇದು ದಿನದ ಕೆಲಸ. ಒಂದು ಲೋಟ ಕಾಫಿಗೆ ಹೇಳಿಕೊಡುತ್ತಾರೆ.

ಐದು: ಅರ್ಜಿ

ಭಾರತೀಯರನ್ನು ಮದುವೆಯಾದವರಿಗೆ ಎಕ್ಸ್-2 ವೀಸಾ. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲೇ ಮದುವೆಯಾದವರು ಇ-ಎಫ್‌ಆರ್‌ಆರ್‌ಒ (ಪರದೇಶದವರ ನೋಂದಣಿ ಕಚೇರಿಯ) ಜಾಲತಾಣದಲ್ಲಿ ವೀಸಾ ಬದಲಾವಣೆಗೆ ಅರ್ಜಿ ಹಾಕಬಹುದು. ಅವರ ದೇಶದ ಭಾರತೀಯ ರಾಯಭಾರ ಕಚೇರಿಯಿಂದ ಎಕ್ಸ್-2 ತೆಗೆದುಕೊಂಡು ಬರುವವರು, ಅದು 180 ದಿನಕ್ಕಿಂತ ಜಾಸ್ತಿಯದ್ದಾದರೆ, ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಅದೂ ಅದೇ ಜಾಲತಾಣದಲ್ಲಿ. 2018ರಿಂದ ಈ ಕೆಲಸವೆಲ್ಲ ಆನ್‌ಲೈನ್. ಕರೆದರೆ ಮಾತ್ರ ಬೆಂಗಳೂರಿಗೆ ಹೋಗಬೇಕು. ‘ಬೆಂಗಳೂರಲ್ಲಿ ನಮ್ಮವರಿದ್ದಾರೆ’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಈ ಜಾಲತಾಣದ ವಿಳಾಸದ ಕೊನೆಗೆ ‘ಡಾಟ್ ಗವ್ ಡಾಟ್ ಇನ್’ ಇಲ್ಲದಿದ್ದರೆ ಅದು ಸರ್ಕಾರದ್ದಲ್ಲ. ಹುಡುಕಿದಾಗ ಮೇಲೆ ಜಾಹೀರಾತಾಗಿ ಬರುವುದನ್ನು ಒತ್ತಲೇಬೇಡಿ. ಫೋಟೊ ಎರಡು ಇಂಚು ಚೌಕ ಅಂತ ಸ್ಟುಡಿಯೊದಲ್ಲಿ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ನಮ್ಮ ಮಾಮೂಲಿ ಪಾಸ್‌ಪೋರ್ಟ್ ಸೈಜೇ ಕೊಡುತ್ತಾರೆ. ಮೊಬೈಲಿನ ಪುಕ್ಕಟೆ ಸ್ಕ್ಯಾನ್ ಆ್ಯಪ್ ಬೇಡ. ಮೂಲೆಯಲ್ಲಿ ಅದರ ಹೆಸರು ಬೀಳುತ್ತದೆ, ನಡುವೆ ನಿಮ್ಮ ತಲೆಯ ನೆರಳು ಬೀಳುತ್ತದೆ.

ಆರು: ಈಗ ತೀರ್ಮಾನ ಮಾಡಿ

ಇಬ್ಬರಿಗೂ ಮೊದಲ ಮದುವೆ, ವೀಸಾ ಅವಧಿ ಮೀರಿಲ್ಲ, ಹೆಸರು ಹೊಂದಿದೆ ಅಂದರೆ ಯಾರೂ ಬೇಡ. ಟೈಪಿಂಗ್ ಬರದಿದ್ದರೆ ನಮ್ಮಂಥ ಅಂಗಡಿಗೆ ಪುಟದ ಲೆಕ್ಕದಲ್ಲಿ ಕೊಡಿ.

ಆದರೆ ಇಬ್ಬರಲ್ಲಿ ಯಾರಿಗಾದರೂ ಹೊರದೇಶದ ಕೋರ್ಟಿನಲ್ಲಿ ವಿಚ್ಛೇದನ ಆಗಿದ್ದರೆ, ವೀಸಾ ಮುಗಿದ ಮೇಲೂ ಇಲ್ಲೇ ಉಳಿದಿದ್ದರೆ, ಹಿಂದೆ ವೀಸಾ ನಿರಾಕರಣೆ ಆಗಿದ್ದರೆ, ಮೊದಲ ಮದುವೆಯ ಮಗು ಜೊತೆಗೆ ಬರುವುದಿದ್ದರೆ, ಸೀದಾ ವಕೀಲರ ಹತ್ತಿರ ಹೋಗಿ. ಏಜೆಂಟ್ ಅಲ್ಲ, ವಕೀಲರು. ನನ್ನ ತಮ್ಮನಿಗೆ ದುಬೈನಲ್ಲಿ ಒಂದು ಹಳೆಯ ವಿಚ್ಛೇದನ ಇತ್ತು. ಆ ತೀರ್ಪು ಇಲ್ಲಿ ನಡೆಯುತ್ತದಾ ಅಂತ ಬೆಂಗಳೂರಿನ ವಕೀಲರೊಬ್ಬರಿಂದ ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಂಡೆವು. ಮಿಕ್ಕಿದ್ದೆಲ್ಲ ನಮ್ಮದೇ.

ಯಾರನ್ನಾದರೂ ಗೊತ್ತುಮಾಡಿದರೆ ಇಮೇಲ್, ಮೊಬೈಲ್, ಪಾಸ್‌ವರ್ಡ್ ನಿಮ್ಮದೇ ಇರಲಿ. ಸರ್ಕಾರಿ ಶುಲ್ಕವನ್ನು ನಿಮ್ಮ ಖಾತೆಯಿಂದಲೇ ಕಟ್ಟಿ. ಅಸಲು ಪಾಸ್‌ಪೋರ್ಟ್ ಯಾರ ಬ್ಯಾಗಿಗೂ ಹೋಗಬಾರದು.

ಎರಡು ವರ್ಷದ ಮೇಲೆ

ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿದರೆ ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡಿಗೆ ಅರ್ಜಿ ಹಾಕಬಹುದು. ಇಲ್ಲಿಂದಲೇ ಹಾಕಿದರೆ ಶುಲ್ಕ 15,000 ರೂಪಾಯಿ. ದೇವಸ್ಥಾನದ ತಾರೀಕು ಹಿಡಿದು ಎಣಿಸಬೇಡಿ, ನೋಂದಣಿಯ ತಾರೀಕು ಹಿಡಿಯಿರಿ. ಕಾರ್ಡ್ ಬಂತು ಅಂತ ಸೊಸೆ ಹೆಸರಿಗೆ ನಾಲ್ಕು ಎಕರೆ ಕಾಫಿ ತೋಟ ಕೊಳ್ಳಲು ಹೊರಡಬೇಡಿ. ಒಸಿಐನವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ನಮ್ಮ ಅಪ್ಪ ಬೇಲೂರು ರಸ್ತೆಯಲ್ಲಿ ಅಡ್ವಾನ್ಸ್ ಕೊಡಲು ಹೊರಟಿದ್ದರು. ಬೈಕಿನ ಕೀ ಬಚ್ಚಿಟ್ಟು ನಿಲ್ಲಿಸಿದೆವು.