ಮಗುವಿನ ಜೀವನಾಂಶ: ಕೈಗೆ ಬೇಡ, ಖಾತೆಗೆ ಹಾಕಿ

ನಗುನಗುತ್ತಲೇ ಬೇರೆಯಾದ ಗಂಡ–ಹೆಂಡತಿ ಎರಡೇ ವರ್ಷದಲ್ಲಿ ಮಗುವಿನ ದುಡ್ಡಿಗಾಗಿ ಮತ್ತೆ ದಾವಣಗೆರೆ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ. ಅವರ ಒಪ್ಪಂದದಲ್ಲಿ ಇದ್ದದ್ದು ಒಂದೇ ಸಾಲು: ‘ತಂದೆ ಮಗುವಿನ ಖರ್ಚು ನೋಡಿಕೊಳ್ಳತಕ್ಕದ್ದು.’

ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕುವುದು ಸುಲಭ. ಒಂದು ವರ್ಷ ಬೇರೆ ಇದ್ದವರು ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಇಬ್ಬರೂ ಸೇರಿ ಹಾಕುತ್ತಾರೆ. ಉಳಿದದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ. ಹಿರಿಯರ ಮುಂದೆ ಬಾಂಡ್ ಪೇಪರಿನಲ್ಲಿ ಬರೆದುಕೊಂಡರೆ ಸಾಕು ಅನ್ನುವವರ ಮಾತು ಕೇಳಬೇಡಿ. ಕಂತು ತಪ್ಪಿದ ದಿನ ಕೈಹಿಡಿಯುವುದು ಕೋರ್ಟಿನ ಡಿಕ್ರಿ, ಅಂದರೆ ತೀರ್ಪಿನ ಆದೇಶ ಮಾತ್ರ.

ಎಡವುವುದು ಷರತ್ತು ಬರೆಯುವಾಗ. ಬಾಯಿಗೆ ಬಂದ ಅಂಕಿ ಹೇಳಬೇಡಿ. ಇಬ್ಬರೂ ಕೂತು ಮಗುವಿನ ಒಂದು ವರ್ಷದ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಹಾಲು, ಆಟೋ, ಟ್ಯೂಷನ್, ಔಷಧಿ, ಯುಗಾದಿ ಬಟ್ಟೆ. ಶಾಲೆಯ ಫೀಸನ್ನು ಇದರಲ್ಲಿ ಸೇರಿಸಲೇಬೇಡಿ. ಅದು ಜೂನ್ ಹೊತ್ತಿಗೆ ಒಟ್ಟಿಗೆ ಬರುವ ಖರ್ಚು. ನೇರವಾಗಿ ಶಾಲೆಗೇ ಕಟ್ಟುವುದೆಂದು ಬೇರೆ ಬರೆಸಿ. ಆಸ್ಪತ್ರೆ ಖರ್ಚಿಗೂ ಬೇರೆ ಸಾಲು. ವರ್ಷಕ್ಕೆ ಇಷ್ಟು ಏರಿಕೆ ಅಂತ ಇರಲೇಬೇಕು. ಈಗ ತಿಂಗಳಿಗೆ 8,000 ರೂಪಾಯಿ ಎಂದಿಟ್ಟುಕೊಳ್ಳಿ, ಶೇ 10ರಂತೆ ಏರಿದರೆ ಐದು ವರ್ಷಕ್ಕೆ 12,884 ಆಗುತ್ತದೆ. ಏರಿಕೆ ಬರೆಸದಿದ್ದರೆ ಹತ್ತನೇ ಕ್ಲಾಸಿನ ಹುಡುಗಿಗೂ ಅದೇ 8,000. 18 ತುಂಬಿದ ಮೇಲೆ ಡಿಗ್ರಿ ಓದಿಗೆ ಯಾರು ಕೊಡುತ್ತಾರೆ ಅನ್ನುವುದನ್ನೂ ಈಗಲೇ ಸೇರಿಸಿ.

‘ಒಂದೇ ಸಲ ಕೊಟ್ಟುಬಿಡೋಣ, ಮುಂದೆ ಕೇಳಲ್ಲ ಅಂತ ಬರೆಸೋಣ’ ಅನ್ನುವ ಅಡ್ಡದಾರಿ ಬೇಡ. ಜೀವನಾಂಶ ಮಗುವಿನ ಹಕ್ಕು. ತಾಯಿ ಸಹಿ ಹಾಕಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಹಣ ಪ್ರತಿ ತಿಂಗಳು 5ಕ್ಕೆ ಬ್ಯಾಂಕಿನಿಂದ ತಾನಾಗಿಯೇ ಹೋಗುವಂತೆ ಮಾಡಿಸಿ. ಮಾವನ ಕೈಗೋ ಮೈದುನನ ಕೈಗೋ ಕೊಟ್ಟ ದುಡ್ಡಿಗೆ ದಾಖಲೆ ಎಲ್ಲಿದೆ? ಒಬ್ಬ ಅಪ್ಪ ಮಗಳಿಗೆ ಕೆಂಪು ಸೈಕಲ್ ಕೊಡಿಸಿ, ಆ ಬಿಲ್ಲಿನ ಮೊತ್ತವನ್ನು ಆ ತಿಂಗಳ ಹಣದಲ್ಲಿ ಮುರಿದುಕೊಂಡಿದ್ದರು. ಬಿಲ್ಲನ್ನು ಮಡಚಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಆ ತಿಂಗಳು ಟ್ಯೂಷನ್ ದುಡ್ಡು ಬಾಕಿ ಉಳಿಯಿತು. ಸೈಕಲ್ ಪ್ರೀತಿಗೆ ಕೊಡಿಸಿದ್ದು, ಜೀವನಾಂಶದ ಲೆಕ್ಕಕ್ಕೆ ಬರುವುದಿಲ್ಲ.

ಸಂಬಳ ಕಡಿಮೆಯಾದರೆ ನೀವೇ ಕಡಿತ ಮಾಡಬೇಡಿ, ಅದೇ ಕಾಯ್ದೆಯ 26ನೇ ಸೆಕ್ಷನ್ ಅಡಿ ಕೋರ್ಟಿನಲ್ಲಿ ಬದಲಾವಣೆ ಕೇಳಿ. ಕಂತು ನಿಂತರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಕೋರ್ಟನ್ನು ಕೇಳುವ ಅರ್ಜಿ ಹಾಕಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಹಣ ಬಂದಿಲ್ಲ ಅಂತ ಮಗುವನ್ನು ಅಪ್ಪನಿಗೆ ತೋರಿಸದೆ ಇರಬೇಡಿ. ಮಗುವನ್ನು ಕಳಿಸಿಲ್ಲ ಅಂತ ಹಣ ನಿಲ್ಲಿಸಲೂಬೇಡಿ.