ಮಿಕು ಕೇಳಿಸುವುದಕ್ಕೂ ಒಂದು ಕ್ರಮವಿದೆ: ಒಂಬತ್ತು ಹಾಡು, ನಲವತ್ತು ನಿಮಿಷ

ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸಿನವರನ್ನು ಕೂರಿಸಿಕೊಂಡು ವೊಕಲಾಯ್ಡ್ ಹಾಡು (ಮನುಷ್ಯರ ದನಿಯ ತುಣುಕುಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಹಾಡಿಸಿದ ಜಪಾನಿ ಹಾಡು; ಅಂಥ ದನಿಗಳಲ್ಲಿ ಒಂದು ಹಾತ್ಸುನೆ ಮಿಕು) ಹಾಕಿದರೆ ಎರಡನೇ ಹಾಡಿಗೇ ಫೋನ್ ಹೊರಗೆ ಬರುತ್ತದೆ, ಅನಿಮೆ ಹುಚ್ಚಿರುವವರಷ್ಟೇ ಉಳಿಯುತ್ತಾರೆ ಎಂದು ಈ ಹಾಡುಗಳನ್ನು ನನಗಿಂತ ಮೊದಲಿಂದ ಕೇಳುತ್ತಿರುವವರೇ ಹೇಳಿದ್ದರು. ಈಗ ಹನ್ನೊಂದು ಸಲ ಕೇಳಿಸಿದ್ದಾಗಿದೆ, ಒಟ್ಟು ನೂರಿಪ್ಪತ್ತು ಜನರಿರಬಹುದು. ಕೊನೆಯ ಐದು ಸಲದಲ್ಲಿ ಮಧ್ಯೆ ಎದ್ದು ಹೋದವರು ನಾಲ್ಕೋ ಐದೋ ಮಂದಿ. ಹಾಡುಗಳು ಹೆಚ್ಚುಕಡಿಮೆ ಅವೇ. ಹಾಕುವ ಕ್ರಮ ಬದಲಾಯಿತು, ಸ್ಪೀಕರ್ ಬದಲಾಯಿತು.

ಮೊದಲ ತಪ್ಪು, ನಮಗೆ ಇಷ್ಟವಾದದ್ದನ್ನೇ ಮೊದಲು ಹಾಕಿದ್ದು. ಕಾಸ್ಮೋ ಅವರ 240 ಬಿಪಿಎಂನ, ಅಂದರೆ ನಿಮಿಷಕ್ಕೆ 240 ಬಡಿತದ, ‘ಹಾತ್ಸುನೆ ಮಿಕು ನೋ ಶೋಶಿತ್ಸು’, ಅದರ ಬೆನ್ನಿಗೇ ವೊವಾಕಾ ಅವರ ‘ರೋಲಿಂಗ್ ಗರ್ಲ್’. ಹದಿನೈದು ಜನರಲ್ಲಿ ಮೂರನೇ ಹಾಡಿಗೆ ಉಳಿದವರು ಮೂವರು. ಕಾರಣ ಕಿವಿಯಲ್ಲೇ ಇದೆ. 2007ರ ಆಗಸ್ಟ್ 31ಕ್ಕೆ ಬಂದ ಮಿಕುಗೆ ಅವಳನ್ನು ತಂದ ಕ್ರಿಪ್ಟನ್ ಸಂಸ್ಥೆಯೇ ಸೂಚಿಸಿದ್ದ ವೇಗ 70ರಿಂದ 150 ಬಿಪಿಎಂ, ದನಿಯ ಹರವು ಎ3ಯಿಂದ ಇ5 ಸ್ವರದವರೆಗೆ. ಆ ಗೆರೆ ದಾಟಿದಾಗ ವ್ಯಂಜನಕ್ಕೆ ಜಾಗ ಸಾಲುವುದಿಲ್ಲ. ಕ, ತ, ಸ ಎಲ್ಲ ಸವೆದು ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಳಗಿದ ಕಿವಿಗೆ ಅದೇ ರುಚಿ, ಹೊಸಬರಿಗೆ ಕೀರಲು.

ಎರಡನೇ ತಪ್ಪು, ‘ಸೆನ್‌ಬೊನ್‌ಜಾಕುರಾ’ವನ್ನು ಮನುಷ್ಯರು ಹಾಡಿದ ರೂಪದಲ್ಲಿ ಮೊದಲು ಕೇಳಿಸಿ, ಆಮೇಲೆ ಮಿಕುವಿನದು ಹಾಕಿದ್ದು. ಮೂಲವೇ ನಕಲಿನಂತೆ ಕೇಳಿತು. ಈಗ ಮನುಷ್ಯರ ದನಿ ಏನಿದ್ದರೂ ಕೊನೆಗೆ, ಅದೂ ಯಾರಾದರೂ ಕೇಳಿದರೆ. ಮೂರನೆಯದು ಪರದೆಯ ಮೇಲೆ ಅನುವಾದ ಓಡಿಸಿದ್ದು: ಕಣ್ಣು ಓದುತ್ತಿದ್ದರೆ ಕಿವಿ ಕೆಲಸ ಮಾಡುವುದಿಲ್ಲ. ಹಾಡಿಗೆ ಮುಂಚೆ ಎರಡೇ ಸಾಲಿನಲ್ಲಿ ಕನ್ನಡದಲ್ಲಿ ತಾತ್ಪರ್ಯ ಹೇಳಿ ಸುಮ್ಮನಾಗುವುದು ಸಾಕು.

ದುಡ್ಡಿನ ಮಾತು. ನಾಲ್ಕು ಹೆಡ್‌ಫೋನ್‌ಗೆ ಹದಿನಾಲ್ಕು ಸಾವಿರದಷ್ಟು ಹೋಯಿತು, ಪೂರಾ ದಂಡ. ಕಿವಿಗೆ ಒತ್ತಿಕೊಂಡಾಗ ಒಂದು ಅಕ್ಷರದ ತುಣುಕು ಇನ್ನೊಂದಕ್ಕೆ ಬೆಸೆದ ಜಾಗ ಎದ್ದು ಕಾಣುತ್ತದೆ. ಐದಿಂಚಿನ ಸೆಕೆಂಡ್‌ಹ್ಯಾಂಡ್ ಮಾನಿಟರ್ ಸ್ಪೀಕರ್ ಜೋಡಿ ಹನ್ನೊಂದು ಸಾವಿರಕ್ಕೆ ಸಿಕ್ಕಿತು. ಆರಡಿ ದೂರದಲ್ಲಿಟ್ಟರೆ ಕೋಣೆಯ ಗಾಳಿಯೇ ಆ ಬೆಸುಗೆಯನ್ನು ಉಜ್ಜಿ ನಯ ಮಾಡುತ್ತದೆ. 3ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಎರಡೂವರೆ ಡೆಸಿಬೆಲ್ ಇಳಿಸಿ. ನಾಲ್ಕಕ್ಕಿಂತ ಹೆಚ್ಚು ಇಳಿಸಿದರೆ ದನಿ ಕಂಬಳಿ ಹೊದ್ದಂತಾಗುತ್ತದೆ. ಹಳೆಯ ಹಾಡಿಗೂ ಹೊಸದಕ್ಕೂ ಗಟ್ಟಿತನದಲ್ಲಿ ಬಹಳ ಅಂತರವಿರುತ್ತದೆ, ಎಲ್ಲವನ್ನೂ -14 ಲಫ್ಸ್ (ಗಟ್ಟಿತನದ ಅಳತೆ) ಆಸುಪಾಸಿಗೆ ತನ್ನಿ. ವಿಡಿಯೋದಿಂದ ಇಳಿಸಿಕೊಂಡ ಫೈಲ್ ಬೇಡ, ‘ಶ’ ಕಾರ ನೀರಿನಂತೆ ಸುಯ್ಯೆನ್ನುತ್ತದೆ. ಎರಡು ಸಿಡಿ ತರಿಸಲು ಅಂಚೆ, ಸುಂಕ ಸೇರಿ ಆರೂವರೆ ಸಾವಿರವಾಯಿತು. ಆ ಖರ್ಚಿಗೆ ಮಾತ್ರ ಬೇಸರವಿಲ್ಲ.

ಇನ್ನು ಕ್ರಮ. ಶುರು ಮಿಕುವಿನಿಂದ ಬೇಡ. ಮೊದಲು ಮೆಗುರಿನೆ ಲುಕಾ, ‘ಜಸ್ಟ್ ಬಿ ಫ್ರೆಂಡ್ಸ್’, 2009ರದು. ಲುಕಾಳ ದನಿ ತಗ್ಗು, ತುಸು ಮಾಗಿದ್ದು. ಪ್ರೀತಿ ಮುರಿದ ಹಾಡಾದ್ದರಿಂದ ಆ ವಯಸ್ಸಿಗೆ ವಿವರಣೆ ಬೇಕಿಲ್ಲ. ಎರಡನೆಯದು 2016ರ ‘ಚಾರ್ಲ್ಸ್’, ಬಲೂನ್ ಅವರದು, ದನಿ ಫ್ಲವರ್ ಎಂಬ ವೊಕಲಾಯ್ಡ್‌ನದು, 145 ಬಿಪಿಎಂ. ಗಂಡೋ ಹೆಣ್ಣೋ ಗೊತ್ತಾಗದ ಒರಟು ಕಂಠ, ಗಿಟಾರ್ ಜೊತೆ ಸಲೀಸಾಗಿ ಕೂರುತ್ತದೆ. ಈ ಎರಡರಲ್ಲಿ ಕಿವಿ ಒಗ್ಗಿದ ಮೇಲೆ ಮೂರನೆಯದಾಗಿ ಮಿಕು, ಲೈವ್‌ಟ್ಯೂನ್ ಅವರ ‘ಟೆಲ್ ಯುವರ್ ವರ್ಲ್ಡ್’. 2011ರಲ್ಲಿ ಜಪಾನಿನ ಗೂಗಲ್ ಕ್ರೋಮ್ ಜಾಹೀರಾತಿಗೆ ಬಂದ ಹಾಡು. ವೇಗ 150, ಸರಿಯಾಗಿ ಕ್ರಿಪ್ಟನ್ ಎಳೆದ ಗೆರೆಯ ಮೇಲೆ. ನಾಲ್ಕನೆಯದು ರ್ಯೋ ಅವರ ‘ಮೆಲ್ಟ್’, 2007ರ ಡಿಸೆಂಬರಿನದು, 170. ಗೆರೆ ದಾಟಿದ್ದು ಈಗ ಯಾರಿಗೂ ಗೊತ್ತಾಗುವುದಿಲ್ಲ.

ಐದನೆಯದು ಯಾವುದೆಂದು ಹೇಳುವುದಿಲ್ಲ. ಇಡೀ ಸಂಜೆ ನಿಂತಿರುವುದು ಅದರ ಮೇಲೆ. ಇಬ್ಬರ ದನಿಯದು, ಮೂರು ನಿಮಿಷಕ್ಕಿಂತ ಚಿಕ್ಕದು ಎಂಬಷ್ಟು ಸಾಕು.

ಆರನೆಯದು ನೆರು ಅವರ ‘ಲಾಸ್ಟ್ ಒನ್ ನೋ ಗೋಕೊಕು’, 2013, ದನಿ ಕಾಗಾಮಿನೆ ರಿನ್. ಕಪ್ಪುಹಲಗೆಯ ಮೇಲಿನ ಈ ಅಕ್ಷರ ಓದಲು ಬರುತ್ತದೆಯೇ ಎಂದು ಕೇಳುತ್ತಾ ಹೋಗುವ ಹಾಡು. ಪಿಯುಸಿ, ಸಿಇಟಿ ಮುಗಿಸಿ ಬಂದವರು ಇದಕ್ಕೆ ತಲೆ ಎತ್ತುವಷ್ಟು ಬೇರೆ ಯಾವುದಕ್ಕೂ ಎತ್ತಿದ್ದಿಲ್ಲ. ಆಮೇಲೆ ಕುರೊಉಸಾ-ಪಿ ಅವರ ‘ಸೆನ್‌ಬೊನ್‌ಜಾಕುರಾ’, 2011, 154 ಬಿಪಿಎಂ. ಪಲ್ಲವಿಯಲ್ಲಿ ಶುದ್ಧ ಧನ್ಯಾಸಿಯ ನೆರಳು ಇದೆ. ಕರ್ನಾಟಕ ಸಂಗೀತ ಕಲಿತವರು ಒಬ್ಬರಿದ್ದರೂ ಎರಡನೇ ಸಲಕ್ಕೆ ಜೊತೆಗೆ ಗುನುಗುತ್ತಾರೆ. ಎಂಟನೆಯದು ಮಿಕು, ಗುಮಿ ಹಾಡಿದ ‘ಮಾತ್ರ್ಯೊಶ್ಕಾ’, 2010, 205. ಇದನ್ನು ಮಾಡಿದ ಹಾಚಿಯೇ ಇವತ್ತಿನ ಕೆನ್ಶಿ ಯೊನೆಜು, ‘ಚೈನ್‌ಸಾ ಮ್ಯಾನ್’ ಅನಿಮೆಯ ಶುರುವಿನ ಹಾಡಿನವರು ಎಂದು ಹಾಡು ಮುಗಿದ ಮೇಲೆ ಹೇಳಬೇಕು. ಮುಂಚೆ ಹೇಳಿದರೆ ಅವರ ದನಿಯನ್ನೇ ಹುಡುಕುತ್ತಾ ಕೂರುತ್ತಾರೆ.

‘ರೋಲಿಂಗ್ ಗರ್ಲ್’ ಕೊನೆಗೆ, 195. ಮನಸ್ಸು ಕುಗ್ಗಿದವರು ಕೋಣೆಯಲ್ಲಿದ್ದಾರೆಂದು ಅನುಮಾನ ಬಂದರೂ ಇದನ್ನು ಹಾಕುವುದಿಲ್ಲ. ಉಸಿರು ನಿಲ್ಲಿಸುವ ಮಾತಿಗೇ ಅದು ಮುಗಿಯುವುದು. ಆಗ ‘ಮೆಲ್ಟ್’ ಇನ್ನೊಮ್ಮೆ.

ಇಂಥದೇ ಇನ್ನೊಂದು ದನಿ ಕಾಸಾನೆ ತೆತೊ ಎಲ್ಲಿ ಎಂದು ಈ ಹಾಡುಗಳನ್ನು ಬಲ್ಲವರು ಕೇಳುತ್ತೀರಿ. 2008ರ ಏಪ್ರಿಲ್ ಫೂಲ್ ತಮಾಷೆಯಾಗಿ ಹುಟ್ಟಿ, 2023ರಲ್ಲಿ ಸಿಂಥಸೈಜರ್ ವಿ ಎಂಬ ಹೊಸ ಬಗೆಯ ಹಾಡಿಸುವ ತಂತ್ರಾಂಶದ ದನಿಯಾದವಳು. ಅವಳ ಹೊಸ ದನಿಯಿಂದ ಶುರು ಮಾಡಿಯೂ ನೋಡಿದೆ, ಎರಡು ಸಲ. ಎಲ್ಲರಿಗೂ ತಕ್ಷಣ ಹಿಡಿಸಿತು. ಆದರೆ ಅದರ ಹಿಂದೆ 2007ರ ಮಿಕು ಬಂದಾಗ ಮುಖ ಸಿಂಡರಿಸಿದರು. ಹಳೆಯ ಬಗೆಯ ದನಿಯಿಂದ ಹೊಸ ಬಗೆಯದಕ್ಕೆ ಹತ್ತಬಹುದು, ಇಳಿಯಲು ಆಗುವುದಿಲ್ಲ. ‘ಮೆಸ್ಮರೈಜರ್’ (2024) ಥರದವನ್ನೆಲ್ಲ ಎರಡನೇ ದಿನಕ್ಕೆ ಇಟ್ಟುಕೊಳ್ಳಿ.

ಇದೇ ಹೊತ್ತಿಗೆ ಏಳು ಸಾವಿರದಷ್ಟು ಕೊಟ್ಟು ಜಪಾನಿ ವಾಯ್ಸ್‌ಬ್ಯಾಂಕ್ (ಹಾಡಿಸಲು ಬೇಕಾದ ದನಿಯ ತುಣುಕುಗಳ ಕಟ್ಟು) ಒಂದನ್ನು ತೆಗೆದುಕೊಂಡು ಕನ್ನಡ ಹಾಡಿಸಿದೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುವುದರಿಂದ ‘ಮನೆ’, ‘ನದಿ’ ಸಲೀಸು. ದೀರ್ಘಕ್ಕೆ ನೋಟ್ ಎಳೆದರಾಯಿತು. ಒತ್ತಕ್ಷರಕ್ಕೆ ನಡುವೆ ಕೂದಲೆಳೆಯಷ್ಟು ಖಾಲಿ ಬಿಡಬೇಕು, ಇಲ್ಲವಾದರೆ ‘ಅಕ್ಕ’ ‘ಅಕ’ ಆಗುತ್ತಾಳೆ. ಮಹಾಪ್ರಾಣ ಇಲ್ಲ. ‘ಉ’ವನ್ನು ತುಟಿ ಚಾಚದೆ ಹೇಳುತ್ತದೆ. ದೊಡ್ಡ ಕಂಟಕ ‘ಳ’: ಲ, ಳ, ರ ಮೂರೂ ಅಲ್ಲಿ ಒಂದೇ ‘ರ’. ‘ಬೆಳದಿಂಗಳು’ ಎಂದು ಕೂರಿಸಿದರೆ ‘ಬೆರದಿಂಗರು’ ಬರುತ್ತದೆ. ‘ರ’ಕ್ಕೆ ಮುಂಚೆ ಚಿಕ್ಕ ‘ದ’ ತುಣುಕು ಸಿಕ್ಕಿಸಿದಾಗ ನಾಲಗೆ ಮಡಿಸಿದ ಭ್ರಮೆ ಸ್ವಲ್ಪ ಹುಟ್ಟಿತು, ಅದೂ ನಿಧಾನದ ಹಾಡಿನಲ್ಲಿ; 100 ಬಿಪಿಎಂ ದಾಟಿದ ಮೇಲೆ ಅದು ಬರೀ ‘ದ’ ಎಂದೇ ಕೇಳುತ್ತದೆ. ‘ಣ’ಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.